ಹೂಂಗುಟ್ಟುವ ಗೋಡೆ

ಹಾಡುವುದಕ್ಕೆ ಮೊದಲು ಪೆಟ್ಟಿಗೆ ಉಸಿರೆಳೆದುಕೊಂಡಿತು.

ಮಂಗಲಾಬಾಯಿ ತುಟಿಗೊಯ್ದ ಚಹಾದ ಕಪ್ಪನ್ನು ಅಲ್ಲಿಗೇ ನಿಲ್ಲಿಸಿದಳು. ನೌಕರಿಯ ವಯಸ್ಸನ್ನೆಲ್ಲ ಮಿರಜ ಜಂಕ್ಷನ್ನಿನ ರೇಲ್ವೆ ಪೋಲೀಸಿನಲ್ಲಿ ಸವೆಸಿ ಹವಾಲದಾರಳಾಗಿ ನಿವೃತ್ತಳಾದವಳು. ಒಂದೇ ಗಾಡಿ ತಡವಾದ ಸುದ್ದಿಯನ್ನು ಮೂರು ಭಾಷೆಗಳಲ್ಲಿ ಕೇಳಿ ಕೇಳಿ, ಯಂತ್ರದ ಗೊರಗೊರ ಯಾವುದು, ಮನುಷ್ಯರ ಗಂಟಲು ಯಾವುದು ಎಂದು ನಿದ್ದೆಗಣ್ಣಲ್ಲೂ ಬೇರ್ಪಡಿಸಬಲ್ಲ ಕಿವಿ ಅವಳದು.

ಇದು ಗಂಟಲು.

ಉಸಿರು ಮುಗಿಯುತ್ತಲೇ ತಂಬೂರಿಯ ನಾದ ಕೋಣೆ ತುಂಬಿತು. ತಂತಿಯಿಲ್ಲ, ಬುರುಡೆಯಿಲ್ಲ, ಮೀಟುವ ಬೆರಳಿಲ್ಲ. ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಕರಿಯ ಪೆಟ್ಟಿಗೆ, ಅಷ್ಟೆ. ಹಿಂದೆ ಕೂತು ತಂಬೂರಿ ಹಿಡಿಯುವ ಶಿಷ್ಯರು ಸಿಗದ ಗವಾಯಿಗಳಿಗಾಗಿ ತವನಪ್ಪ ಇಂಥವನ್ನು ಕಟ್ಟಿ ಮಾರುತ್ತಿದ್ದ. ಸಿತಾರ ಕಟ್ಟುವವರ ಗಲ್ಲಿಯಲ್ಲಿ ಅಂಗಡಿ ಹಾಕಿ ಒಂದು ಸಿತಾರವನ್ನೂ ಕಟ್ಟದ ಮನುಷ್ಯ. "ಸಮಡೋಳಿ ಸಾವಕಾರ, ಬುರಡಿ ಮುಟ್ಟದ ಸಂಗೀತ ಮಾರ್ತಾನ" ಎಂದು ನೆರೆಯವರು ನಗುತ್ತಿದ್ದರು. ನಗುತ್ತಲೇ ತಮ್ಮ ಮಕ್ಕಳ ಅಭ್ಯಾಸಕ್ಕೆಂದು ಒಂದೊಂದು ಪೆಟ್ಟಿಗೆ ಒಯ್ಯುತ್ತಿದ್ದರು.

ಆ ತವನಪ್ಪ ಇದೇ ಮೇಜಿನ ಬುಡದಲ್ಲಿ ಕರೆಂಟು ಹೊಡೆದು ಸತ್ತುಬಿದ್ದಿದ್ದ. ಅಂದು ಸ್ವಿಚ್‌ಬೋರ್ಡು ಬಿಚ್ಚಿದ್ದ ಕೆಲಸಗಾರ ಅಮೋಘಸಿದ್ಧ ಈಗ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಕೋರ್ಟಿಗೆ ನಿಲ್ಲಿಸಿ ಕೊಲೆಯ ಕಲಮು ಹಚ್ಚುವುದೆಂದು ನಿಶ್ಚಯವಾಗಿತ್ತು.

ನಾದದ ನಡುವೆ ಇನ್ನೊಂದು ದನಿ ಕೇಳಿಸಿತು. ಗೋಡೆಗೆ ಸಾಲಾಗಿ ತೂಗುಹಾಕಿದ್ದ ತಂಬೂರಿಗಳಲ್ಲಿ ಒಂದು, ಬಾಗಿಲ ಕಡೆಯದು, ತಾನಾಗಿಯೇ ಸಣ್ಣಗೆ ಹೂಂಗುಟ್ಟುತ್ತಿತ್ತು. ಅದರ ಸಮೀಪ ಯಾರೂ ಇರಲಿಲ್ಲ. ಉಳಿದವು ಸುಮ್ಮನಿದ್ದವು.

"ಅಂಜಬ್ಯಾಡ್ರಿ," ಎಂದಳು ಶಾಲನ. ತವನಪ್ಪನ ಹೆಂಡತಿ ಪೆಟ್ಟಿಗೆಯ ಮುಂದೆ ಕೈಮುಗಿದು ಕೂತಿದ್ದಳು. "ಇವರ ಪದ್ಧತಿನ ಅದು. ಗ್ವಾಡಿ ಮ್ಯಾಲಿನ ಒಂದೊಂದು ತಂಬೂರಿ ಒಂದೊಂದು ಸೂರಿಗೆ, ಅಂದ್ರ ಒಬ್ಬೊಬ್ಬರ ಶ್ರುತಿಗೆ, ಹಚ್ಚಿಟ್ಟಾರ. ಪೆಟ್ಟಿಗಿ ಸೂರು ಕೂಡಿದ್ರ ಆ ತಂಬೂರಿ ತಾನಽ ಹೂಂ ಅಂತೈತಿ. ಗ್ವಾಡಿ ಹೂಂ ಅನ್ನೂತನಾ ಗಿರಾಕಿ ಕೈಗೆ ಪೆಟ್ಟಿಗಿ ಕೊಡ್ತಿದ್ದಿಲ್ಲ."

"ಈ ಬಾಗಲ ಕಡೇದು ಯಾರ ಸೂರು, ವೈನಿ?"

"ನಮ್ಮ ಮೃಣಾಲಂದು. ಸಣ್ಣಾಕಿದ್ದಾಗಿಂದ ಅದರ ಕೂಡಽ ಹಾಡಕೋತ ಬಂದಾಳ." ಶಾಲನಳ ಮುಖದಲ್ಲಿ ಕ್ಷಣಮಾತ್ರ ತಾಯಿಯ ಹೆಮ್ಮೆ ಸುಳಿಯಿತು. "ಅಪ್ಪಂದಽ ಕಂಠ ಬಂದೈತಿ ಆಕೀಗಿ. ದಪ್ಪ."

ಮೇಜಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಮೃಣಾಲ ತಲೆ ಎತ್ತಲಿಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ತಂದೆ ಸತ್ತ ಸಂಜೆ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆ ಎಂದು ಹೇಳಿದ್ದಳು. ಪೋಲೀಸರು ನಂಬಿದ್ದರು. ಓದಿದವರ ಮಾತಿಗೆ ಸಾಕ್ಷಿ ಕೇಳುವುದು ನಮ್ಮ ಕಡೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

"ಮೊದಲನೇ ದಿವಸ ಉಸುರಿನ ಹಿಂದ 'ಆ...' ಅಂತ ಉದ್ದಕ ಬಂದಿತ್ತರಿ," ಎಂದಳು ಶಾಲನ. "ಆಮ್ಯಾಲೆ ಅರ್ಧಾ ಆತು. ಈಗ ಬರೇ ಉಸುರು ಉಳದೈತಿ. ನಾಳಿಗಿ ಅದೂ ಇರಾಂಗಿಲ್ಲ." ಅವಳು ದನಿ ತಗ್ಗಿಸಿದಳು. "ಮಂಗಲಾಬಾಯಿ, ನಮ್ಮ ಜೈನ ಶಾಸ್ತ್ರದಾಗ ಸತ್ತವರು ತಡಾ ಮಾಡೂದಿಲ್ಲ. ಕಣ್ಣು ಪಿಳುಕಿಸೂದ್ರಾಗ ಜೀವ ಮತ್ತೊಂದು ಗರ್ಭಕ್ಕ ಹೋಗಿರ್ತೈತಿ. ದೆವ್ವಾಗಿ ಮನ್ಯಾಗ ಕುಂದ್ರಾಕ ಪುರಸೊತ್ತಽ ಇರೂದಿಲ್ಲ. ಹಂಗಾರ ಈ ಪೆಟ್ಟಿಗ್ಯಾಗ ಯಾರು?"

ಪಂಚನಾಮೆಯಲ್ಲಿ ಈ ಪ್ರಶ್ನೆಗೆ ಜಾಗ ಬಿಟ್ಟಿರುವುದಿಲ್ಲ. ಮಂಗಲಾಬಾಯಿ ಚಹಾ ಕುಡಿದಳು. ಆರಿಹೋಗಿತ್ತು.

ಹೊಸ್ತಿಲಾಚೆ ಕಂಬಳಿ ಹೊದ್ದು ಕೂತಿದ್ದ ತುಳಸವ್ವ ಕೆಮ್ಮಿದಳು. ಅಮೋಘಸಿದ್ಧನ ತಾಯಿ. ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ, ಗಡಿಯ ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಮಂಗಲಾಬಾಯಿಯನ್ನು ಬೇಡಿಕೊಂಡು ಇಲ್ಲಿಗೆ ಕರೆತಂದವಳು. ಒಳಗೆ ಬಾ ಎಂದರೆ ಬರಲೊಲ್ಲಳು.

"ಬಾಯಾರ, ನಾ ಬರೇ ಒಂದಽ ಮಾತು ಹೇಳ್ತೇನಿ. ನನ್ನ ಮಗಾ ಬಸ್ಸಿಗೆ ಅಂತ ಹೊಂಟಾಗ ಹೊತ್ತು ಇನ್ನಾ ಮುಳುಗಿದ್ದಿಲ್ಲ. ಧಣೇರು ಇಲ್ಲೇ ಕುಂತು ಬಳ್ಳೊಳ್ಳಿ ಇಲ್ಲದ ಭಡಂಗ ಚುರಮರಿ ತಿನ್ನಾಕತ್ತಿದ್ರು. ಹೊಸ್ತಲದಾಗ ಮತ್ಯಾರದೋ ಚಪ್ಪಲಿ ಇದ್ದೂವಂತ."

"ಯಾರದು ಅಂತ ನೋಡಲಿಲ್ಲೇನು ಅಂವಾ?"

"ಕುರಿ ಕಾಲು ಕೇಳ್ರಿ, ಹೇಳ್ತಾನ. ಮಂದಿ ಕಾಲು ನೋಡೂದು ಅವಗ ಗೊತ್ತಿಲ್ಲ."

ಮೃಣಾಲ ಪೆಟ್ಟಿಗೆಯ ಕರೆಂಟಿನ ಪಿನ್ನು ಕಿತ್ತಳು. ನಾದ ನಿಂತಿತು. ಬಾಗಿಲ ಕಡೆಯ ತಂಬೂರಿ ಇನ್ನೂ ಒಂದು ಗಳಿಗೆ ಹೂಂಗುಟ್ಟಿ, ತಡವಾಗಿ ಅರಿವಾದವರಂತೆ ಸುಮ್ಮನಾಯಿತು.

"ಆತು ಮಾವಶಿ. ಈಗ ನೀವು ಹೇಳಿದ್ದು ಮಾಡ್ತೇನಿ. ಇದರಾಗ ಏನೇನೈತಿ ಎಲ್ಲಾ ಕಾಪಿ ತಗದು ನಿಮ್ಮ ಕೈಯಾಗ ಕೊಡ್ತೇನಿ." ಅವಳು ಮುಚ್ಚಳ ಬಿಚ್ಚಿದಳು. ಒಳಗೆ ಅಂಗೈಯಗಲದ ಹಸಿರು ಬೋರ್ಡು. ಅದರ ಮೊಳೆಗಳಿಗೆ ಮೂರು ಸಣ್ಣ ವಾಯರು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿ, ಪಿನ್ನನ್ನು ಮತ್ತೆ ಹಾಕಿದಳು. ಈ ಸಲ ಪೆಟ್ಟಿಗೆ ಹಾಡಲಿಲ್ಲ. ಹಾಡದೆ ಎಚ್ಚರಾಗಿ, ಪರದೆಯ ಮೇಲೆ ಸಾಲು ಸಾಲಾಗಿ ಬಿಳಿ ಅಕ್ಷರ ಕಾರಿತು.

"ಇದಕ್ಕ ನೆನಪು ಇರಬಾರದಲ್ಲವಾ?" ಎಂದಳು ಮಂಗಲಾಬಾಯಿ. "ಗಲ್ಲಿಯೊಳಗ ಎಲ್ಲಾರೂ ಹಂಗಽ ಅಂತಾರ."

"ಹೌದ್ರಿ. ಅಪ್ಪಾ ಹಂಗಽ ಕಟ್ಟಿದ್ದು. ಒಳಗ ಸಣ್ಣ ಲಿನಕ್ಸ್ ಐತಿ. ಚಾಲೂ ಆದಕೂಡ್ಲೆ ತನ್ನ ಸಂಸಾರ ಎಲ್ಲಾ ರ್‍ಯಾಮಿನಾಗ ಹೂಡತೈತಿ. ಪಿನ್ ಕಿತ್ರ ಸಂಸಾರ ಖಲಾಸ. ಯಾವ ಸೂರು ಹಚ್ಚಿದ್ರಿ, ಏನು ಕೇಳ್ತು, ಎಲ್ಲಾ ಮರತು ಮತ್ತ ಮೊದಲಿನ ಸೂರು, ಹಾರ್ಮೋನಿಯಮ್ಮಿನ ಬಿಳಿ ಒಂದಕ್ಕ ಬರ್ತೈತಿ. 'ಪೆಟ್ಟಿಗಿಗೂ ಅಪರಿಗ್ರಹ ಇರ್ಲಿ, ಹಾಡಾಂವ ದಿನಾ ಕಿವಿ ತೊಳದು ಹೊಸದಾಗಿ ಹಚ್ಚಕೊಳ್ಳಿ' ಅಂತಿದ್ದ."

ಅದು ಈ ಅಂಗಡಿಯ ನಡಾವಳಿಯೇ ಆಗಿತ್ತು. ಪೆಟ್ಟಿಗೆಗೆ ಕಿವಿಯೂ ಇತ್ತು. ಒಂದು ಗುಂಡಿ ಒತ್ತಿ ಗಿರಾಕಿ ಷಡ್ಜ ಹಾಡಿದರೆ ಕೇಳಿಕೊಂಡು ತನ್ನಷ್ಟಕ್ಕೆ ಶ್ರುತಿ ಹೊಂದಿಸಿಕೊಳ್ಳುತ್ತಿತ್ತು. ಒಮ್ಮೆ ತೆರೆದ ಆ ಕಿವಿ ಪಿನ್ನು ಕೀಳುವವರೆಗೂ ಮುಚ್ಚುತ್ತಿರಲಿಲ್ಲ. ಅದಕ್ಕೇ ಮನೆಯ ಮಾತು, ಜಗಳ, ಗಿರಾಕಿಯ ಚಾಡಿ ಏನೇ ಶುರುವಾದರೂ ಮೊದಲು ಯಾರಾದರೊಬ್ಬರು ಕೈಚಾಚಿ ಪಿನ್ನು ಕೀಳುವುದು ವಾಡಿಕೆ. ಕಿತ್ತರೆ ಮರೆಯಿತು. ಅತ್ತೆಯ ಬಗ್ಗೆ ಮಾತಾಡುವಾಗ ಕದ ಹಾಕಿಕೊಳ್ಳುವ ಹಾಗೆ.

ತವನಪ್ಪನ ಹೆಣ ಸಿಕ್ಕಾಗಲೂ ಈ ಪೆಟ್ಟಿಗೆಯ ಪಿನ್ನು ಕಿತ್ತಿತ್ತು.

"ಹಂಗಾರ ಈಗ ನೆನಪು ಎಲ್ಲಿಂದ ಬಂತು?"

ಉತ್ತರ ಬಾಗಿಲಿನಿಂದ ಬಂತು. "ನನ್ನಿಂದ."

ಸನ್ಮತಿ ಒಳಗೆ ಬಂದ. ತವನಪ್ಪನ ಅಣ್ಣನ ಮಗ, ಬುಧಗಾಂವದಿಂದ ಮೋಟರ್‌ಸೈಕಲ್ಲಿನ ಮೇಲೆ ಬಂದು ಹೋಗುವವನು, ಪೆಟ್ಟಿಗೆಗಳ ಒಳಗಿನ ಸಾಫ್ಟ್‌ವೇರ್ ಬರವಣಿಗೆ ನೋಡುವವನು. ಮಂಗಲಾಬಾಯಿ ಹೇಳಿ ಕಳಿಸಿದ್ದಳು. ಬರುತ್ತಾನೆಂದು ನಂಬಿರಲಿಲ್ಲ. ಅವನು ಕೂರುವ ಬದಲು ಗೋಡೆಗೆ ಒರಗಿ ನಿಂತ. ಓಡಿಹೋಗಬಹುದಾದವರು ಕೂರುವುದಿಲ್ಲ ಎಂಬುದು ಪ್ಲಾಟ್‌ಫಾರ್ಮಿನ ಅನುಭವ.

"ಕುಂದ್ರಪಾ."

"ನಿಂತೇನಿ, ಬರೋಬರಿ ಐತಿ."

"ಯಾವಾಗ ಮಾಡಿದಿ? ಯಾಕ ಮಾಡಿದಿ?"

"ಕಾಕಾ ತನ್ನೂರು ಸಮಡೋಳಿಗಿ ಹೋದ ದಿವಸ ಮಾಡೀನಿ, ಈ ಒಂದಽ ಪೆಟ್ಟಿಗಿಗೆ. ಧಾರವಾಡದ ಗಿರಾಕಿ ಒಬ್ರು ದಿನಾ ಫೋನ್ ಹಚ್ಚಿ ಬೈತಿದ್ರು, 'ಕರೆಂಟ್ ಹೋಗಿ ಬಂದ್ರ ನಿಮ್ಮ ಪೆಟ್ಟಿಗಿ ನನ್ನ ಸೂರು ಮರೀತೈತಿ, ಇದಕ್ಕಿಂತ ನನ್ನ ಮರಗುಳಿ ಮುದುಕ ಛಲೋ' ಅಂತ. ಬೋರ್ಡಿನ ಫ್ಲ್ಯಾಶ್ ಚಿಪ್ಪಿನಾಗ ಜಾಗಾ ಖಾಲಿ ಬಿದ್ದಿತ್ತು. ಅದರಾಗ ಒಂದು ತುಂಡು ಬ್ಯಾರೆ ಮಾಡಿ, ಒರಸಿ, ಫೈಲ್‌ಸಿಸ್ಟಮ್ ಹೂಡಿ, ಚಾಲೂ ಆಗೂಮುಂದ ಅದನ್ನ ಹಚ್ಚಕೋ ಅಂತ ಬರದ್ನಿ. ಪಿನ್ ಕಿತ್ರೂ ಅದರಾಗಿಂದು ಉಳೀತೈತಿ."

"ಕಾಕಾಗ ಗೊತ್ತಿತ್ತು?"

"ಗೊತ್ತಾಗಿದ್ರ ನನ್ನ ಕಾಲು ಮುರೀತಿದ್ದ."

"ನಿನ್ನ ಕಾಲು ಉಳದಾವು. ಕಾಕಾ ಉಳೀಲಿಲ್ಲ."

ಸನ್ಮತಿಯ ಮುಖ ಕೆಂಪಾಯಿತು. "ಅದಕ್ಕಽ ನನ್ನ ಕರಸೀರಿ? ನಾ ಹೊಡದೇನಂತ?"

"ಕರೆಂಟ್ ಹೊಡದೈತಿ. ಅವರ ಕೈ ಸ್ವಿಚ್‌ಬೋರ್ಡಿನಾಗ ಇದ್ದಾಗ ಮೇನ್ ಸ್ವಿಚ್ ಹಾಕಿದವರು ಯಾರು ಅಂತ ಕೇಳಾಕತ್ತೇನಿ."

ಪರದೆಯ ಅಕ್ಷರಗಳಷ್ಟೇ ಮೇಲಕ್ಕೆ ಸರಿಯುತ್ತಿದ್ದವು.

"ನೀ ಅಲ್ಲ ಬಿಡು," ಎಂದಳು ಮಂಗಲಾಬಾಯಿ, ಪ್ಲಾಟ್‌ಫಾರ್ಮ್ ಟಿಕೀಟಿಲ್ಲದವನನ್ನು ಬಿಟ್ಟುಕಳಿಸುವ ಧಾಟಿಯಲ್ಲಿ. "ಆ ಕೆಲಸಾ ಆದಮ್ಯಾಲೆ ಯಾರೋ ಪಿನ್ ಕಿತ್ತಾರ. ಯಾಕ? ಪೆಟ್ಟಿಗಿ ಮರೀಲಿ ಅಂತ. ಕಳ್ಳ ಬಂದಿದ್ರ ಪೆಟ್ಟಿಗೀನ ಒಯ್ತಿದ್ದ. ಪಿನ್ ಕೀಳೂದು ಈ ಅಂಗಡಿ ಮಂದಿಗಿ ಮಾತ್ರ ಹೊಳಿಯೂದು. ಆದ್ರ ಇದು ಮರಿಯೂದಿಲ್ಲ ಅಂತ ನಿನಗ ಗೊತ್ತಿತ್ತು. ನೀ ಆಗಿದ್ರ ಪಿನ್ ಕಿತ್ತು ನಿಶ್ಚಿಂತಿ ಆಗಿ ಮನೀಗಿ ಹೋಗ್ತಿದ್ದಿಲ್ಲ."

ಸನ್ಮತಿ ಆಗ ಕೂತ.

"ಆದ್ರ ನೀ ಬರೇ ಸೂರು ಉಳಸ್ಬೇಕಂತ ಮಾಡಿದ್ದಿ. ಉಸುರು ಯಾಕ ಉಳೀತು?"

"ಯಾವ ಉಸುರು?"

ಶಾಲನ ಹೇಳಿದಳು. ಹೇಳುತ್ತಿದ್ದಂತೆ ಸನ್ಮತಿಯ ಕೆಂಪು ಮುಖ ಬೂದಿಯಾಯಿತು.

"ಕಾಕೂ... ಅದು ನನ್ನ ತಪ್ಪು. ಯಾವ ಯಾವ ಫೋಲ್ಡರ್ ಉಳಸ್ಬೇಕಂತ ಆರಿಸಿ ಬರಿಯೂದು ಬ್ಯಾಸರಾತು. ಎಲ್ಲಾದರ ಮ್ಯಾಲೂ ಒಂದಽ ಹಾಸಿಗಿ ಹಾಸಿಬಿಟ್ಟೆ. ಅದಕ್ಕ ಸೂರಿನ ಕೂಡ ಅದು ಕಿವೀಲೆ ಕೇಳಿದ್ದೂ ಫ್ಲ್ಯಾಶಿನಾಗ ಹೋಗಿ ಕುಂತೈತಿ, ಚಾಲೂ ಆದಕೂಡ್ಲೆ ಅದಽ ಮೊದಲ ಹೊರಗ ಬರ್ತೈತಿ." ಅವನು ತಟ್ಟನೆ ಎದ್ದ. "ನೀವು ದಿನಾ ಚಾಲೂ ಮಾಡ್ತೀರಿ? ಮಾಡಬ್ಯಾಡ್ರಿ! ಚಾಲೂ ಆದಾಗೊಮ್ಮೆ ಅದು ಹಳೇ ದನೀದು ಒಂದು ತುಕುಡಿ ಕತ್ತರಿಸಿ ಒಗೀತೈತಿ, ಹೊಸಾದಕ್ಕ ಜಾಗಾ ಅಂತ. ಮೊದಲ ಹಳೇದು ಇರ್ತಿದ್ದಿಲ್ಲ, ನಡೀತಿತ್ತು. ಈಗ..."

"ದಿನಾ ಒಂದೊಂದು ತುತ್ತು ತಿಂದೈತಿ," ಎಂದಳು ಮಂಗಲಾಬಾಯಿ.

ಶಾಲನ ಸೆರಗನ್ನು ಬಾಯಿಗೊತ್ತಿಕೊಂಡಳು. ಹೊಸ್ತಿಲಾಚೆ ತುಳಸವ್ವ, ಕೇಳಿದ್ದಕ್ಕಿಂತ ಹೆಚ್ಚು ಅರ್ಥವಾದವಳಂತೆ, ಕೇಳಿದಳು: "ಹಂಗಾರ ನನ್ನ ಮಗನ ಸಾಕ್ಷಿ ಆ ಡಬ್ಬಿ ಹೊಟ್ಯಾಗ ಕರಗಿ ಹೋತೇನಿ ಯವ್ವಾ?"

"ಹೋಗಿಲ್ಲ ಆಯಿ," ಎಂದ ಸನ್ಮತಿ. "ಫ್ಲ್ಯಾಶ್ ಅಂದ್ರ ನಿಮ್ಮ ಅಂಗಳದಾಗಿನ ರಂಗೋಲಿ ಇದ್ದಂಗ. ಒಂದು ಚುಕ್ಕಿ ಅಳಸ್ಬೇಕಂದ್ರ ಬೆರಳಲೆ ಒರಸಾಕ ಬರೂದಿಲ್ಲ, ಅಷ್ಟಗಲ ಅಂಗಳಾ ಪೂರ್ತಿ ಸಾರಸ್ಬೇಕು. ಅದಕ್ಕ ಅದು ಹಳೇ ರಂಗೋಲಿ ಹಂಗಽ ಬಿಟ್ಟು, ಬಾಜೂಕ ಹೊಸಾದು ಹಾಕ್ತೈತಿ. ಕತ್ತರಿಸಿ ಒಗದ ತುಕುಡಿ ಎಲ್ಲಾ ಅಲ್ಲೇ ಬಿದ್ದಿರ್ತಾವ. ಅಂಗಳಾ ಸಾರಸೂತನಾ."

"ಯಾವಾಗ ಸಾರಿಸ್ತೈತಿ?"

"ಜಾಗಾ ಸಾಲದಾದಾಗ. ಇಲ್ಲಾ ಯಾರರೆ ಬೇಕಂತಽ ಸಾರಿಸಿದ್ರ. ಚಾಲೂ ಮಾಡದ, ಇದ್ದದ್ದು ಇದ್ದಂಗ ಪೂರ್ತಿ ಚಿಪ್ಪಿಂದು ಕಾಪಿ ತಗೋಬೇಕು, ಅಷ್ಟಽ. ತುಕುಡಿ ಎಲ್ಲಾ ಕೂಡಿಸಿ ನಾ ಕೇಳಸ್ತೇನಿ."

"ಅದಽ ಮಾಡಾಕತ್ತೇನಿ," ಎಂದಳು ಮೃಣಾಲ. ಪರದೆಯಿಂದ ಕಣ್ಣು ಕೀಳದೆ, ತಣ್ಣಗೆ. "ಗದ್ದಲಾ ಮಾಡಬ್ಯಾಡ ಸನ್ಮತಿ. ಥೋಡಾ ವೇಳ ಹಿಡೀತೈತಿ."

ಮಂಗಲಾಬಾಯಿಗೆ ಎದೆ ಹಗುರಾಯಿತು. ಧ್ವನಿ ಸಿಕ್ಕರೆ ಅಮೋಘಸಿದ್ಧ ಹೋದಮೇಲೆ ತವನಪ್ಪನ ಜೊತೆಯಲ್ಲಿದ್ದವರು ಯಾರೆಂದು ಕೋರ್ಟೇ ಕೇಳೀತು. ಇನ್ಸ್‌ಪೆಕ್ಟರ ಸಾಹೇಬರು ಅದಕ್ಕೂ ಮೊದಲು ಕೇಳಿದರೆ ಇನ್ನೂ ಒಳ್ಳೆಯದು, ಆದರೆ ಅಷ್ಟೊಂದು ಆಸೆ ಒಳ್ಳೆಯದಲ್ಲ.

"ಪಾಪ, ನಿಮ್ಮ ಕಾಕಾ ಕಡೇಕ ಹಾಡಿದ್ದಾದ್ರೂ ಸಿಕ್ಕೀತು," ಎಂದಳು ಸಮಾಧಾನಕ್ಕೆ.

ಸನ್ಮತಿ ಹುಬ್ಬು ಗಂಟಿಕ್ಕಿದ. "ಕಾಕಾ ಯಾಕ ಹಾಡ್ತಾನ್ರಿ? ಆ ಕಿವಿ ಗುಂಡಿ ಗಿರಾಕಿಗೋಳ ಸಲವಾಗಿ. ಕಾಕಾ ಒಂದು ದಿನಾನೂ ಅದನ್ನ ಒತ್ತಿದಾಂವ ಅಲ್ಲ. 'ನಾಚಿಗಿ ಇಲ್ಲದವರ ಗುಂಡಿ' ಅಂತಿದ್ದ. ತಾ ಹಚ್ಚೂಮುಂದ ಕಿವೀಲೆ ಕೇಳಿ, ಕೈಲೆ ತಿರುವಿ, ಗ್ವಾಡಿ ಹೂಂ ಅನ್ನೂತನಾ ಕುಂದರಾಂವ."

ಎದೆಯಲ್ಲಿ ಹಗುರಾದದ್ದು ಅಲ್ಲೇ ನಿಂತಿತು.

ಹಾಗಾದರೆ ಆ ಉಸಿರು ತವನಪ್ಪನದಲ್ಲ. ಯಾರೋ ಆ ಸಂಜೆ ಈ ಮೇಜಿನ ಮುಂದೆ ಕೂತು, ಗುಂಡಿ ಒತ್ತಿ, ಉಸಿರೆಳೆದು, ಷಡ್ಜ ಹಚ್ಚಿದ್ದರು. ಪೆಟ್ಟಿಗೆ ಅವರ ಗಂಟಲಿಗೆ ತನ್ನನ್ನು ಹೊಂದಿಸಿಕೊಂಡಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಅದು ಹಾಡುತ್ತಿದ್ದದ್ದು ಅವರ ಸೂರನ್ನು.

ಮತ್ತು ಗೋಡೆ ದಿನಾ ಬೆಳಿಗ್ಗೆ ಅವರ ಹೆಸರು ಹೇಳುತ್ತಿತ್ತು.

ಮಂಗಲಾಬಾಯಿ ಬಾಗಿಲ ಕಡೆಯ ತಂಬೂರಿಯನ್ನು ನೋಡಲಿಲ್ಲ. ನೋಡಿದರೆ ನೋಡಿದ್ದು ಕಾಣುತ್ತದೆ. ಬದಲಿಗೆ ಶಾಲನಳ ಕಡೆ ತಿರುಗಿ, ಉಪ್ಪಿನಕಾಯಿಯ ಹದ ಕೇಳುವವಳ ಹಾಗೆ ಕೇಳಿದಳು:

"ವೈನಿ, ದಿನಾ ಮುಂಜಾನೆ ಪೆಟ್ಟಿಗಿ ಹಚ್ಚೂದು ನಿಮಗ ಹೆಂಗ ಹೊಳೀತು? ಯಾರರೆ ಹೇಳಿದ್ರೇನು?"

"ಮೃಣಾಲ ಹೇಳಿದ್ಲರಿ." ಶಾಲನ ಮಾತನ್ನು ತೂಗಿ ಇಟ್ಟಂತೆ ನಿಧಾನ ಹೇಳಿದಳು. "'ಆಯೀ, ಅಪ್ಪನ ಸೂರು ಐತಿ ಅದರಾಗ. ದಿನಾ ತಪ್ಪದ ಚಾಲೂ ಮಾಡು, ಮನಸಿಗೆ ಸಮಾಧಾನ ಆಗ್ತೈತಿ' ಅಂದ್ಲು."

ಸನ್ಮತಿ ತಲೆ ಎತ್ತಿದ. "ಅಕ್ಕಾ? ಚಾಲೂ ಮಾಡಿದ್ರ ಕತ್ತರಸ್ತೈತಿ ಅಂತ ನಿನಗ ಗೊತ್ತಿತ್ತಲ್ಲ. ಆ ಕತ್ತರಸೂ ಕೋಡ್ ಬರದಾಕಿ ನೀನಽ."

ಮೃಣಾಲ ಕೀಲಿಮಣೆಯ ಮೇಲಿನ ಕೈ ತೆಗೆಯಲಿಲ್ಲ.

ಮಂಗಲಾಬಾಯಿ ಎದ್ದು, ಸೊಂಟ ಹಿಡಿದುಕೊಂಡವಳಂತೆ ಮೇಜಿನ ಸುತ್ತ ಬಂದಳು. ಪರದೆಯ ಅಕ್ಷರಗಳನ್ನು ಇಷ್ಟು ಹೊತ್ತು ಮೃಣಾಲ ಒಬ್ಬಳೇ ಓದಿದ್ದಳು. ಈಗ ಅದರ ಮೇಲೆ ಒಂದೇ ಸಾಲು, ತುದಿಯಲ್ಲಿ ಏರುತ್ತಿರುವ ಅಂಕಿ. ಮಂಗಲಾಬಾಯಿಯ ಇಂಗ್ಲಿಷು ಸ್ಟೇಶನ್ನಿನ ಫಲಕಗಳಷ್ಟು. ಆದರೆ ಸಾಲಿನ ಮೊದಲನೆಯ ಶಬ್ದ ಅವಳ ಮೊಮ್ಮಗಳ ಕಂಪಾಸ ಪೆಟ್ಟಿಗೆಯಲ್ಲಿಯೂ ಇತ್ತು, ಬಿಳಿ ರಬ್ಬರಿನ ಮೇಲೆ. ಕೊನೆಯ ಅಕ್ಷರಗಳಷ್ಟೇ ಬೇರೆ.

ಇರೇಸಿಂಗ್.

ಕಾಪಿ ಅಲ್ಲ. ಎಲ್ಲರ ಕಣ್ಣೆದುರು, ಹಾಡುಹಗಲೇ, ಹುಡುಗಿ ಅಂಗಳ ಸಾರಿಸುತ್ತಿದ್ದಳು.

ಅದನ್ನು ನಿಲ್ಲಿಸುವ ವಿದ್ಯೆ ಮಂಗಲಾಬಾಯಿಗೆ ಬರುತ್ತಿರಲಿಲ್ಲ. ಈ ಅಂಗಡಿಯಲ್ಲಿ ಎಲ್ಲರಿಗೂ ಬರುವ ವಿದ್ಯೆಯೊಂದು ಬರುತ್ತಿತ್ತು. ಕೈಚಾಚಿ ಪಿನ್ನು ಕಿತ್ತಳು.

ಹಸಿರು ಬೋರ್ಡಿನ ದೀಪ ಆರಿತು. ಪರದೆಯ ಅಂಕಿ ಏರುವುದನ್ನು ಬಿಟ್ಟು ನಿಂತಲ್ಲೇ ನಿಂತಿತು. ಪೂರ್ಣವಾಗಿರಲಿಲ್ಲ. ಬಹಳ ಉಳಿದೂ ಇರಲಿಲ್ಲ.

ಸನ್ಮತಿ ನುಗ್ಗಿ ಬಂದು ಬೋರ್ಡನ್ನು ಎರಡೂ ಕೈಗಳಿಂದ ಎತ್ತಿಕೊಂಡ. ಸತ್ತ ಗುಬ್ಬಿಯನ್ನು ಎತ್ತಿಕೊಂಡ ಹಾಗೆ. ಹೊಸ್ತಿಲಾಚೆಯ ತುಳಸವ್ವ ಎದ್ದು ನಿಂತಿದ್ದಳು. ಕಂಬಳಿ ನೆಲಕ್ಕೆ ಜಾರಿತ್ತು.

"ಮಾವಶಿ," ಎಂದಳು ಮೃಣಾಲ. ಆ ದಪ್ಪ ಕಂಠ ನಡುಗುತ್ತಿರಲಿಲ್ಲ, ದಣಿದಿತ್ತು. "ಆ ಉಸುರು ನಂದಽ. ಅಪ್ಪಗ ಹಾಡಿ ತೋರ್ಸಾಕ ಬಂದಿದ್ದೆ, ಖರೇ. ಆದ್ರ ನಾ ಅಳಸಾಕತ್ತಿದ್ದು ನನ್ನ ದನಿ ಅಲ್ಲ."

"ಮತ್ತ ಯಾರದು?"

ಮೃಣಾಲಳ ನೋಟ ಮಂಗಲಾಬಾಯಿಯ ಭುಜ ದಾಟಿ ಹಿಂದಕ್ಕೆ ಹೋಗಿತ್ತು.

ಹಿಂದೆ ಬಳೆಯಿಲ್ಲದ ಕೈಯೊಂದು ಬಾಗಿಲನ್ನು, 'ಯವ್ವಾ' ಎನ್ನುತ್ತಿದ್ದ ತುಳಸವ್ವನ ಮುಖದ ಮೇಲೆ, ಮೆಲ್ಲಗೆ ಮುಚ್ಚಿತು. ಅಗಳಿ ಬಿದ್ದ ಸದ್ದಿಗೆ ಗೋಡೆಯ ತಂಬೂರಿಗಳೆಲ್ಲ ಒಮ್ಮೆಲೇ ಝುಂ ಎಂದವು.

ಆ ಝೇಂಕಾರ ಅಡಗುವ ತನಕ ಕಾದು, ಒಣಗಿದ ಕಣ್ಣುಗಳಿಂದ ಮಗಳನ್ನೇ ನೋಡುತ್ತ, ಶಾಲನ ಕೇಳಿದಳು:

"ನನ್ನ ದನಿ ಅಳಸೂದು ಪೂರ್ತಿ ಆಗಲಿಲ್ಲೇನು, ಮೃಣಾಲ?"